ಸೀರೆಯುಟ್ಟವನ ಸಂಕಟ

ನಮ್ಮ ಮನೆಯ ನಾಲ್ಕೂ ಜನ ಒಟ್ಟಿಗೆ ಕುಳಿತು ಒಂದು ಸಿನಿಮಾ ನೋಡಿದ್ದೇ ಅಪರೂಪ. ನಮ್ಮವರಿಗೆ ಕ್ರಿಕೆಟ್ ಬಿಟ್ಟರೆ ವಾರ್ತೆ, ವಾರ್ತೆ ಬಿಟ್ಟರೆ ಕ್ರಿಕೆಟ್. ಅತ್ತೆಯವರಿಗೆ ಧಾರಾವಾಹಿ. ಮಗನಿಗೆ ಅವನ ಕಂಪ್ಯೂಟರು. ನನಗೆ ಉತ್ತರಪತ್ರಿಕೆಗಳ ಕಟ್ಟು. ಹೀಗೆ ನಾಲ್ಕು ದಿಕ್ಕಿಗೆ ಮುಖ ಮಾಡಿದವರನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಲು 2020ರ ಕೊರೋನಾವೇ ಬರಬೇಕಾಯಿತು. ಬೆಂಗಳೂರಿನ ಕೆಲಸವನ್ನು ಪೆಟ್ಟಿಗೆಯೊಂದರಲ್ಲಿ ತುಂಬಿಕೊಂಡು ಮಗ ಊರಿಗೆ ಬಂದ. ಟಿ.ವಿ.ಯಲ್ಲಿ ಹಗಲೂ ರಾತ್ರಿ ಸತ್ತವರ ಲೆಕ್ಕ. ಒಂದು ಸಂಜೆ ಅವನಿಗೇ ಬೇಸರ ಬಂದಿರಬೇಕು, "ಎಲ್ಲರೂ ಬನ್ನಿ, ನಿಮಗೊಂದು ಹಳೇ ಸಿನಿಮಾ ತೋರಿಸುತ್ತೇನೆ. ನಗದಿದ್ದರೆ ದುಡ್ಡು ವಾಪಸ್" ಎಂದ. ದುಡ್ಡು ಕೊಟ್ಟವರ್ಯಾರು ಎಂದು ನಮ್ಮವರು ಗೊಣಗಿದರು. ಆದರೂ ಕುರ್ಚಿ ಎಳೆದುಕೊಂಡು ಕುಳಿತರು.

ಸಿನಿಮಾದ ಹೆಸರು 'ಸಮ್ ಲೈಕ್ ಇಟ್ ಹಾಟ್'. 1959ರದ್ದು, ಅಮೆರಿಕದ್ದು, ಕಪ್ಪು ಬಿಳುಪು. ಬಿಲ್ಲಿ ವೈಲ್ಡರ್ ಎಂಬಾತ ನಿರ್ದೇಶಕ. ಇಬ್ಬರು ಗಂಡಸರು ಹೆಂಗಸರ ವೇಷ ಹಾಕಿಕೊಂಡು ಹೆಂಗಸರದೇ ಒಂದು ವಾದ್ಯಗೋಷ್ಠಿಗೆ ಸೇರಿಕೊಳ್ಳುತ್ತಾರೆ ಎಂದು ಮಗ ಹೇಳಿದ ಕೂಡಲೇ ನಾನು, "ಇದನ್ನು ನಾನು ನೋಡಿದ್ದೇನಲ್ಲೋ! ರಿಷಿ ಕಪೂರ್, ಪೇಂಟಲ್" ಎಂದೆ. ನಾನು ಕಾಲೇಜಿನಲ್ಲಿದ್ದಾಗ ನಮ್ಮ ಕೇರಿಯ ಗಣಪತಿ ಹಬ್ಬಕ್ಕೆ ಬಾಡಿಗೆ ವಿ.ಸಿ.ಪಿ. ತಂದು ಮೂರು ಹಿಂದಿ ಸಿನಿಮಾ ಹಾಕಿದ್ದರು. ಅದರಲ್ಲಿ 1975ರ 'ರಫೂ ಚಕ್ಕರ್' ಒಂದು. ಮಗ ನಕ್ಕು, "ಅದು ಮಗಳು, ಇದು ತಾಯಿ" ಎಂದ. ಇದಕ್ಕೂ ಒಬ್ಬಳು ಅಜ್ಜಿ ಇದ್ದಾಳಂತೆ: 1935ರ ಒಂದು ಫ್ರೆಂಚ್ ಚಿತ್ರ. ಅದನ್ನೇ ಜರ್ಮನ್ನರು 1951ರಲ್ಲಿ ಮತ್ತೆ ತೆಗೆದರಂತೆ. ಸಿನಿಮಾಗಳಿಗೂ ಗೋತ್ರ ಪ್ರವರ ಇರುತ್ತದೆಂದು ನನಗೆ ತಿಳಿದದ್ದು ಆಗಲೇ.

ಅತ್ತೆಯವರಿಗೆ ಇಂಗ್ಲಿಷು ಬಾರದು. ನನ್ನ ಇಂಗ್ಲಿಷು ಪಾಠದ ಪುಸ್ತಕದ್ದು, ಅಮೆರಿಕದವರ ಬಾಯಿಯಿಂದ ಬಂದರೆ ಅರ್ಧ ಜಾರಿಹೋಗುತ್ತದೆ. ಹಾಗಾಗಿ ಮಗ ಹರಿಕಥೆ ದಾಸರಂತೆ ಪಕ್ಕದಲ್ಲಿ ನಿಂತು, ನಡುನಡುವೆ ನಿಲ್ಲಿಸಿ ಅರ್ಥ ಹೇಳುತ್ತಾ ಹೋದ. ಎರಡು ಗಂಟೆಯ ಸಿನಿಮಾ ಮುಗಿಯುವುದಕ್ಕೆ ಮೂರೂವರೆ ಗಂಟೆ ಹಿಡಿಯಿತು.

ಕಥೆ ಶುರುವಾಗುವುದು 1929ರ ಫೆಬ್ರವರಿಯಲ್ಲಿ, ಶಿಕಾಗೊ ನಗರದಲ್ಲಿ. ಆಗ ಅಲ್ಲಿ ಪಾನನಿರೋಧ. ನಿರೋಧವಿದ್ದಲ್ಲಿ ಕಳ್ಳದಾರಿ ಇದ್ದೇ ಇರುತ್ತದಲ್ಲ, ಹೆಣ ಸಾಗಿಸುವ ಗಾಡಿಯ ಶವಪೆಟ್ಟಿಗೆಯಲ್ಲಿ ಸೀಸೆಗಳು ಸಾಗುತ್ತಿರುತ್ತವೆ. ಹೊರಗೆ ಶವಸಂಸ್ಕಾರದ ಅಂಗಡಿ, ಒಳಗೆ ಕುಡಿತ, ಕುಣಿತ. ಜೋ ಮತ್ತು ಜೆರ್ರಿ ಅಲ್ಲಿ ವಾದ್ಯ ನುಡಿಸುವವರು. ಒಬ್ಬನದು ಸ್ಯಾಕ್ಸೊಫೋನು, ಇನ್ನೊಬ್ಬನದು ಆಳೆತ್ತರದ ಬೇಸ್ ಪಿಟೀಲು. ಕೆಲಸ ಹೋಗುತ್ತದೆ, ಚಳಿಗಾಲದಲ್ಲಿ ಮೈಮೇಲಿನ ಕೋಟೂ ಜೂಜಿಗೆ ಹೋಗುತ್ತದೆ. ಆಮೇಲೆ ಒಂದು ಗ್ಯಾರೇಜಿನಲ್ಲಿ ಕಳ್ಳಭಟ್ಟಿಯವರ ಎರಡು ಗುಂಪುಗಳ ನಡುವೆ ನಡೆದ ಕೊಲೆಗಳನ್ನು ಇವರು ಕಣ್ಣಾರೆ ನೋಡಿಬಿಡುತ್ತಾರೆ. ಅದು ಬರಿಯ ಕಟ್ಟುಕಥೆಯಲ್ಲ. 1929ರ ಫೆಬ್ರವರಿ 14ರಂದು ಶಿಕಾಗೊದ ಗ್ಯಾರೇಜೊಂದರಲ್ಲಿ ಏಳು ಜನರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಗುಂಡಿಟ್ಟು ಕೊಂದದ್ದು ನಿಜ. ನಗೆಯ ಚಿತ್ರವನ್ನು ಅಂಥಾ ರಕ್ತದಿಂದ ಶುರುಮಾಡುವ ಧೈರ್ಯ ಯಾರಿಗಿರುತ್ತದೆ ಎಂದುಕೊಂಡೆ. ಆಮೇಲೆ ಮಗ ಹೇಳಿದ: ವೈಲ್ಡರ್ ಯಹೂದಿ, 1933ರಲ್ಲಿ ಹಿಟ್ಲರ್ ಬಂದಾಗ ಬರ್ಲಿನ್ ಬಿಟ್ಟು ಓಡಿದವನು, ಅವನ ತಾಯಿ ನಾಜಿಗಳ ಕೈಯಲ್ಲಿ ಸತ್ತಳು. ಪ್ರಾಣ ಉಳಿಸಿಕೊಳ್ಳಲು ಓಡುವವರನ್ನು ಕಂಡು ನಗುವ ಹಕ್ಕು ಅವನಿಗಿತ್ತು ಎನ್ನಿಸಿತು.

ಸಾಕ್ಷಿಗಳನ್ನು ಕೊಲೆಗಡುಕರು ಬಿಡುತ್ತಾರೆಯೇ? ತಪ್ಪಿಸಿಕೊಳ್ಳಲು ಇವರಿಗೆ ಕಾಣುವ ದಾರಿ ಒಂದೇ, ರೈಲಿನಲ್ಲಿ ಫ್ಲೋರಿಡಾಕ್ಕೆ ಹೊರಟ ಹೆಂಗಸರ ವಾದ್ಯಮೇಳ. ಜೋ ಜೋಸೆಫೀನ್ ಆಗುತ್ತಾನೆ, ಜೆರ್ರಿ ಡಾಫ್ನಿ ಆಗುತ್ತಾನೆ. ಟೋನಿ ಕರ್ಟಿಸ್, ಜಾಕ್ ಲೆಮನ್ ಇಬ್ಬರೂ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಪ್ಲಾಟ್‌ಫಾರ್ಮಿನ ಮೇಲೆ ತತ್ತರಿಸುತ್ತಾ ನಡೆಯುವುದನ್ನು ನೋಡಬೇಕು! ಕಾಲು ಉಳುಕುತ್ತದೆ, ಲಂಗದೊಳಗೆ ಗಾಳಿ ನುಗ್ಗುತ್ತದೆ, ಇದನ್ನು ಹಾಕಿಕೊಂಡು ಇವರೆಲ್ಲ ಹೇಗೆ ನಡೆಯುತ್ತಾರೆ ಎಂದು ಜೆರ್ರಿಯ ಪ್ರಲಾಪ. ಮಲೆನಾಡಿನ ಆಷಾಢದಲ್ಲಿ ಕೊಡೆ, ಊಟದ ಡಬ್ಬಿ, ಉತ್ತರಪತ್ರಿಕೆ ಹಿಡಿದುಕೊಂಡು, ಒದ್ದೆ ನೆರಿಗೆ ಕಾಲಿಗೆ ಸುತ್ತಿಕೊಳ್ಳುತ್ತಿರುವಾಗ ಬಸ್ಸು ಹತ್ತಿದ ನನಗೆ ಅವನ ಮೇಲೆ ಅಂಥಾ ಕನಿಕರವೇನೂ ಬರಲಿಲ್ಲ.

ಚಿತ್ರ ಕಪ್ಪು ಬಿಳುಪಾಗಿ ಉಳಿದದ್ದಕ್ಕೂ ಆ ವೇಷವೇ ಕಾರಣವಂತೆ. ಬಣ್ಣದಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಗಂಡಸರ ಬಳಿದ ಮುಖಗಳು ಹಸಿರುಗಟ್ಟಿ ಕಂಡವಂತೆ. ಆದರೂ ಅತ್ತೆಯವರು ತೃಪ್ತರಾಗಲಿಲ್ಲ. "ಇವರಿಗೆ ಹೆಂಗಸಿನ ನಡಿಗೆಯೇ ಬರುವುದಿಲ್ಲ. ನಮ್ಮ ಮೇಳದವರನ್ನು ನೋಡಬೇಕಿತ್ತು" ಎಂದರು. ಅವರು ಹುಡುಗಿಯಾಗಿದ್ದಾಗ ಯಕ್ಷಗಾನದ ಸ್ತ್ರೀವೇಷದವರನ್ನು ನೋಡಿ ಮನೆಗೆ ಬಂದು ಕನ್ನಡಿಯ ಮುಂದೆ ಅವರಂತೆಯೇ ಸೆರಗು ಹಿಡಿದು ನೋಡಿಕೊಳ್ಳುತ್ತಿದ್ದರಂತೆ. ಗಂಡಸಿನಿಂದ ಹೆಣ್ತನ ಕಲಿತ ಹೆಂಗಸು ನಮ್ಮ ಮನೆಯಲ್ಲೇ ಇದ್ದಾರೆ ಎನ್ನುವುದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಅರ್ಜುನನೇ ಬೃಹನ್ನಳೆಯಾಗಿ ಉತ್ತರೆಗೆ ನಾಟ್ಯ ಕಲಿಸಿದ ಮೇಲೆ ಇದರಲ್ಲಿ ಹೊಸತೇನು ಎಂಬುದು ಅವರ ವಾದ.

ಆಮೇಲೆ ಆ ಲಿಫ್ಟಿನ ದೃಶ್ಯ ಬಂತು.

ಫ್ಲೋರಿಡಾದ ದೊಡ್ಡ ಹೋಟೆಲಿನ ಮುಂದೆ ಮುದಿ ಕೋಟ್ಯಧೀಶರು ಸಾಲಾಗಿ ಕುಳಿತಿದ್ದಾರೆ. ಅವರಲ್ಲೊಬ್ಬ ಆಸ್‌ಗುಡ್. ಏಳೆಂಟು ಮದುವೆಯಾದರೂ ಸಾಕಾಗದವನು, ಬಾಯಿ ಕಿವಿಯವರೆಗೂ ಅಗಲ. ಡಾಫ್ನಿಯ ಬೆನ್ನು ಹತ್ತಿ ಲಿಫ್ಟಿನೊಳಗೆ ನುಗ್ಗುತ್ತಾನೆ. ಬಾಗಿಲು ಮುಚ್ಚುತ್ತದೆ. ಒಳಗೆ ಏನಾಯಿತೆಂದು ವೈಲ್ಡರ್ ತೋರಿಸುವುದೇ ಇಲ್ಲ. ಹೊರಗಿನ ಮುಳ್ಳು ಮಾತ್ರ ಮೇಲಕ್ಕೆ ಹೋಗುತ್ತದೆ, ಹಾಗೆಯೇ ಕೆಳಗೆ ಬರುತ್ತದೆ. ಬಾಗಿಲು ತೆರೆಯುತ್ತದೆ, ಡಾಫ್ನಿ ಮುದುಕನ ಕೆನ್ನೆಗೆ ಬಾರಿಸಿ ಮೆಟ್ಟಿಲು ಹತ್ತಿ ಹೋಗುತ್ತಾಳೆ. ಕೋಣೆಗೆ ಬಂದು ಸಿಟ್ಟಿನಿಂದ ಉರಿಯುತ್ತಾ ಜೋನ ಹತ್ತಿರ ಹೇಳಿಕೊಳ್ಳುತ್ತಾಳೆ, ಅಲ್ಲ, ಹೇಳಿಕೊಳ್ಳುತ್ತಾನೆ: ಲಿಫ್ಟಿನಲ್ಲಿ ಚಿವುಟಿದನಂತೆ. ನಾನು ಚೆಲುವೆಯೂ ಅಲ್ಲವಲ್ಲ ಎಂದು ಅವನ ಗೋಳು. ಅವರಿಗೆ ಚೆಲುವು ಬೇಕಿಲ್ಲ, ಲಂಗವೊಂದಿದ್ದರೆ ಸಾಕು, ಗೂಳಿಯ ಮುಂದೆ ಕೆಂಪು ಬಟ್ಟೆ ಬೀಸಿದ ಹಾಗೆ ಎಂದು ಜೋ ತಿಳಿಹೇಳುತ್ತಾನೆ. ಹಾಗಾದರೆ ಬಟ್ಟೆಯಾಗಿದ್ದು ಸಾಕು, ಮತ್ತೆ ಗೂಳಿಯಾಗಿಬಿಡುತ್ತೇನೆ ಎಂಬರ್ಥದಲ್ಲಿ ಜೆರ್ರಿ ಕೂಗಾಡುತ್ತಾನೆ.

ನಮ್ಮವರು ಕುರ್ಚಿ ಅಲ್ಲಾಡುವಂತೆ ನಕ್ಕರು. ಅತ್ತೆಯವರೂ ನಕ್ಕರು. ಮಗ ನಗಲಿಲ್ಲ. ನಾನೂ ನಗಲಿಲ್ಲ. ಅವನು ನನ್ನ ಕಡೆ ನೋಡಿದ, ನಾನು ಪರದೆಯ ಕಡೆ ನೋಡಿದೆ.

ಏಕೆಂದು ಹೇಳಬೇಕಾದರೆ 2016ಕ್ಕೆ ಹೋಗಬೇಕು. ಮಗ ಎಂಜಿನಿಯರಿಂಗ್ ಓದುತ್ತಿದ್ದ. ಕಾಲೇಜಿನ ಕನ್ನಡ ಸಂಘದವರು ಒಂದು ಹಾಸ್ಯ ನಾಟಕ ಆಡಿದರು. ಹೆಣ್ಣುಪಾತ್ರಕ್ಕೆ ಇವನನ್ನು ಹಿಡಿದರು. ನನ್ನ ಮದುವೆಯ ಕಡುಗೆಂಪು ಮೈಸೂರು ರೇಷ್ಮೆ ಸೀರೆ ಬೇಕೆಂದ. ನಾನು ಒಂದು ಭಾನುವಾರವೆಲ್ಲ ಉಡಿಸಿ ಬಿಚ್ಚಿ ಕಲಿಸಿ, ಹನ್ನೊಂದು ಸೇಫ್ಟಿ ಪಿನ್ನುಗಳನ್ನು ಒಂದು ದಾರಕ್ಕೆ ಪೋಣಿಸಿ ಕೊಟ್ಟು ಕಳಿಸಿದೆ. ನಾಟಕ ಚೆನ್ನಾಯಿತೆಂದು ಫೋನು ಬಂತು. ದಸರೆಗೆ ಊರಿಗೆ ಬಂದಾಗ ಸೀರೆ ಮಡಚಿಡಲು ತೆಗೆದರೆ ಸೊಂಟದ ಹತ್ತಿರ ಒಂದು ಗೇಣು ಹರಿದಿದೆ! ಮೈಸೂರು ರೇಷ್ಮೆ ಎಂದರೇನು ಎಂದು ನಿಮಗೆ ಹೇಳಬೇಕಾಗಿಲ್ಲ. ಬಾಯಿಗೆ ಬಂದಂತೆ ಬೈದೆ. ಅವನು ಎದುರಾಡದೆ ಕೇಳಿಸಿಕೊಂಡ. ಕೊನೆಗೆ ಮೆಲ್ಲಗೆ ಹೇಳಿದ. ವೇಷದ ಕೋಣೆಯಿಂದ ರಂಗಕ್ಕೆ ಹೋಗುವ ದಾರಿಯಲ್ಲಿ ದೀಪವಿರಲಿಲ್ಲ. ಹಿಂದಿನಿಂದ ಯಾರೋ ಕೈಹಾಕಿದರು. ಕೊಡವಿಕೊಂಡಾಗ ಪಿನ್ನು ಸಿಕ್ಕಿ ಸೀರೆ ಹರಿಯಿತು.

"ನಾನು ಗಂಡು ಅಂತ ಅವನಿಗೆ ಗೊತ್ತಿತ್ತಮ್ಮ. ಎಲ್ಲರಿಗೂ ಗೊತ್ತಿತ್ತು" ಎಂದ. ಆರಡಿ ಹುಡುಗ, ಕೈ ನಡುಗುತ್ತಿತ್ತು. ಆಮೇಲೆ ಕೇಳಿದ, "ನೀವೆಲ್ಲ ದಿನಾ ಹೇಗೆ ಓಡಾಡ್ತೀರಿ?"

"ಊಟಕ್ಕೆ ಏಳು" ಎಂದೆ ನಾನು. ತಾಯಿಯಾಗಿ ಮಗನಿಗೆ ಕೊಟ್ಟ ಉತ್ತರ ಅಷ್ಟೇ.

ನಾನು ಕೆಲಸಕ್ಕೆ ಸೇರಿದ್ದು 1992ರಲ್ಲಿ. ಬಿ.ಎ., ಬಿ.ಎಡ್. ಮುಗಿಸಿ ಮೊದಲ ನೌಕರಿ. ಊರಿನಿಂದ ಶಾಲೆಗೆ ಇಪ್ಪತ್ತೆರಡು ಕಿಲೋಮೀಟರು, ಬೆಳಗಿನ ಎಂಟು ಗಂಟೆಗೆ ಒಂದೇ ಬಸ್ಸು. ಅದರಲ್ಲಿ ಒಬ್ಬರು ಬರುತ್ತಿದ್ದರು. ಯಾರೆಂದು ಹೇಳುವುದಿಲ್ಲ. ಬಿಳಿ ಜುಬ್ಬಾ, ಕೈಯಲ್ಲಿ ಪತ್ರಿಕೆ. ಹತ್ತಿದ ಕೂಡಲೇ ನಾಲ್ಕು ಜನ ಎದ್ದು ಜಾಗ ಬಿಡುವಂಥವರು. ಆದರೆ ಅವರು ಕೂರುತ್ತಿರಲಿಲ್ಲ, ನಿಂತೇ ಬರುತ್ತಿದ್ದರು, ಪಾಪ, ಎಂಥಾ ಸರಳ ಮನುಷ್ಯ ಎಂದು ಜನ ಹೊಗಳುತ್ತಿದ್ದರು. ಎಲ್ಲಿ ನಿಲ್ಲುತ್ತಿದ್ದರು ಎನ್ನುವುದು ನನಗೆ ಮಾತ್ರ ಗೊತ್ತಿತ್ತು. ಏಳು ತಿಂಗಳು ಹೀಗೆ ನಡೆಯಿತು. ಶಾಲೆಯ ವಾರ್ಷಿಕೋತ್ಸವಕ್ಕೆ ಅವರೇ ಅತಿಥಿ. ನಾನೇ ಹಾರ ಹಾಕಿದೆ.

ಏಕೆ ಸುಮ್ಮನಿದ್ದೆ ಎಂದು ಕೇಳಬಹುದು. ಭಯವೆಂದರೆ ಪೂರ್ತಿ ಸತ್ಯವಾಗುವುದಿಲ್ಲ. ಅದು ಲೆಕ್ಕಾಚಾರ. ಅಪ್ಪ ನಿವೃತ್ತರಾಗಿದ್ದರು. ಇಬ್ಬರು ತಂಗಿಯರ ಓದು ನನ್ನ ಸಂಬಳದ ಮೇಲಿತ್ತು. ಮನೆಯಲ್ಲಿ ಹೇಳಿದರೆ "ಕೆಲಸ ಬಿಟ್ಟುಬಿಡು" ಎನ್ನುವುದು ಖಂಡಿತ. ಬಸ್ಸಿನಲ್ಲಿ ಕೂಗಿದರೆ ಜನ ನನ್ನ ಮುಖ ನೋಡಿ, ಅವರ ಜುಬ್ಬಾ ನೋಡಿ, ಯಾರ ಮಾತನ್ನು ನಂಬುತ್ತಾರೆ ಎನ್ನುವುದೂ ಖಂಡಿತ. ಡಾಫ್ನಿ ಕೆನ್ನೆಗೆ ಹೊಡೆದು ಮೆಟ್ಟಿಲು ಹತ್ತಿ ಹೋದ. ಅವನಿಗೆ ಮಾರನೆಯ ದಿನ ಅದೇ ಲಿಫ್ಟಿನಲ್ಲಿ ಹೋಗಿ ಸಂಬಳ ತರಬೇಕಾದ ಗತಿ ಇರಲಿಲ್ಲ. ನಾನು ಚೀಲವನ್ನು ಬೆನ್ನಿಗೆ ಅಡ್ಡ ಹಿಡಿದೆ, ಸೆರಗಿನ ಪಿನ್ನನ್ನು ಬಿಚ್ಚಿ ಕೈಯಲ್ಲಿಟ್ಟುಕೊಳ್ಳುವುದನ್ನು ಕಲಿತೆ. ಒಂದು ದಿನ ಚುಚ್ಚಿಯೂ ಚುಚ್ಚಿದೆ. ಆಮೇಲೆ ಅವರು ಬಸ್ಸಿನ ಮುಂಭಾಗಕ್ಕೆ ಹೋಗಿ ನಿಲ್ಲಲು ಶುರುಮಾಡಿದರು. ಅಲ್ಲಿ ಪಿ.ಯು.ಸಿ. ಹುಡುಗಿಯರು ನಿಲ್ಲುತ್ತಿದ್ದರು. ನಾನು ನೋಡಿದೆ, ನನ್ನ ಪಾಲಿಗೆ ಪೀಡೆ ತೊಲಗಿತು ಎಂದು ಕಿಟಕಿಯ ಕಡೆ ತಿರುಗಿದೆ.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಅದಾಗಿ ಹನ್ನೆರಡು ವರ್ಷದ ಮೇಲೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಹತ್ತಿರ ಬಂದು ನಿಂತಳು. ಜಾಣೆ, ಗಣಿತದಲ್ಲಿ ತರಗತಿಗೆ ಮೊದಲು. ಬಹಳ ಹೊತ್ತು ಸೀಮೆಸುಣ್ಣದ ಡಬ್ಬಿ ಮುಚ್ಚಿ ತೆಗೆದು ಮಾಡಿ, "ಟೀಚರ್, ಬಸ್ಸಿನಲ್ಲಿ..." ಎಂದಳು. ಪೂರ್ತಿ ಹೇಳುವುದಕ್ಕೆ ನಾನು ಬಿಡಲಿಲ್ಲ. ನನ್ನ ಹೆಗಲಿನ ಪಿನ್ನನ್ನು ಬಿಚ್ಚಿ ಅವಳ ಕೈಗೆ ಕೊಟ್ಟು, "ಮುಂದಿನ ಸೀಟಿನ ಹತ್ತಿರ ನಿಲ್ಲು, ಯಾರಿಗೂ ಹೇಳಬೇಡ" ಎಂದೆ. ಒಳ್ಳೆಯ ಉಪಾಯ ಹೇಳಿಕೊಟ್ಟೆ ಎಂದೇ ನನ್ನ ಭಾವನೆ. ಬೇಸಗೆ ರಜೆ ಕಳೆದು ಶಾಲೆ ಶುರುವಾದಾಗ ಅವಳು ಬರಲಿಲ್ಲ. ಬಸ್ಸಿನ ತೊಂದರೆಯಿಂದ ಬಿಡಿಸಿದರೆಂದು ಒಬ್ಬರು, ಅಜ್ಜಿಯ ಊರಿಗೆ ಕಳಿಸಿದರೆಂದು ಇನ್ನೊಬ್ಬರು. ನಾನು ವಿಚಾರಿಸಲು ಹೋಗಲಿಲ್ಲ. ವಿಚಾರಿಸಿದರೆ ಗೊತ್ತಾಗಿಬಿಡುತ್ತದಲ್ಲ! 2012ರಲ್ಲಿ ಪೋಕ್ಸೊ ಕಾಯ್ದೆ ಬಂದ ಮೇಲೆ ನಮಗೆಲ್ಲ ತರಬೇತಿ ಕೊಟ್ಟರು, ಮಕ್ಕಳ ಸಹಾಯವಾಣಿಯ 1098 ಸಂಖ್ಯೆಯನ್ನು ಶಾಲೆಯ ಗೋಡೆಯ ಮೇಲೆ ನಾನೇ ನಿಂತು ಬರೆಸಿದೆ. ಬರೆಸುವಾಗ ಅವಳ ಹಾಜರಿ ಸಂಖ್ಯೆ ನೆನಪಾಗುತ್ತಿತ್ತು. ಹದಿನೇಳು.

ಸಿನಿಮಾ ಮುಂದುವರಿಯಿತು. ನಾನು ಸುಮ್ಮನೆ ನೋಡುತ್ತಿದ್ದೆ. ಮರ್ಲಿನ್ ಮನ್ರೊ ಇದರಲ್ಲಿ ಷುಗರ್ ಎಂಬ ಹಾಡುವ ಹುಡುಗಿ. ಸ್ಯಾಕ್ಸೊಫೋನ್ ನುಡಿಸುವವರನ್ನೇ ಪ್ರೀತಿಸಿ, ಹಣ ಕೊಟ್ಟು, ಕೈಬಿಡಿಸಿಕೊಂಡು ಸಾಕಾಗಿದೆ ಎಂದು ಅವಳು 'ಜೋಸೆಫೀನ'ಳ ಹತ್ತಿರ ಮನಸ್ಸು ಬಿಚ್ಚುತ್ತಾಳೆ. ಕೇಳಿಸಿಕೊಳ್ಳುತ್ತಿರುವವನು ಅಂಥಾದ್ದೇ ಕೆಲಸ ಮಾಡುತ್ತಾ ಬಂದ ಸ್ಯಾಕ್ಸೊಫೋನಿನವನು! ವೇಷದಲ್ಲಿಲ್ಲದಿದ್ದರೆ ಆ ಮಾತು ಅವನ ಕಿವಿಗೆ ಬೀಳುವ ಹಾಗೇ ಇರಲಿಲ್ಲ. ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ ಇದು. ಆದರೆ ಕೇಳಿದ ಮೇಲೂ ಅವನು ಸುಧಾರಿಸುತ್ತಾನೆಯೇ? ಕನ್ನಡಕ ಹಾಕಿ, ಎಣ್ಣೆ ಕಂಪನಿಯ ಶ್ರೀಮಂತನೆಂದು ಇನ್ನೊಂದು ಸುಳ್ಳುವೇಷ ಕಟ್ಟಿ ಅವಳಿಗೇ ಬಲೆ ಬೀಸುತ್ತಾನೆ. ಕೊನೆಯಲ್ಲಿ ನಿಜ ಹೇಳಿದನೆಂದು ಅವಳು ತಕ್ಷಣ ಕ್ಷಮಿಸಿಬಿಡುವುದು ನನಗೆ ಸರಿಬರಲಿಲ್ಲ. ಟೀಚರಾಗಿ ಅಲ್ಲಿ ಹತ್ತು ಅಂಕ ಕಳೆದೆ.

ಮನ್ರೊಳನ್ನು ನೋಡುವಾಗ ಇನ್ನೊಂದು ಸಂಗತಿ. ಚಿತ್ರೀಕರಣಕ್ಕೆ ಆಕೆ ತಡವಾಗಿ ಬರುತ್ತಿದ್ದಳು, ಮೂರು ಪದದ ಮಾತಿಗೆ ಹತ್ತಾರು ಸಲ ತಪ್ಪುತ್ತಿದ್ದಳು ಎಂದು ಗಂಡಸರು ವರ್ಷಗಟ್ಟಲೆ ತಮಾಷೆಯಾಗಿ ಹೇಳಿಕೊಂಡು ಬಂದಿದ್ದಾರೆ. ಚಿತ್ರೀಕರಣ ನಡೆದದ್ದು 1958ರಲ್ಲಿ. ಆಗ ಆಕೆ ಬಸುರಿ. ಆ ಡಿಸೆಂಬರಿನಲ್ಲಿ ಗರ್ಭ ಹೋಯಿತು. 1962ರಲ್ಲಿ ಮೂವತ್ತಾರನೇ ವಯಸ್ಸಿಗೆ ಆಕೆಯೇ ಹೋದಳು. ಅಷ್ಟು ತಿಳಿದು ನೋಡಿದರೆ ಆ ಹಗುರಾದ ನಗೆಯನ್ನು ಆಕೆ ಎಲ್ಲಿಂದ ತಂದಳೋ ಎನ್ನಿಸುತ್ತದೆ. ಚಿತ್ರಕ್ಕೆ ಆರು ಆಸ್ಕರ್ ನಾಮಕರಣವಾಗಿ ಒಂದೇ ಒಂದು ಬಂದದ್ದು ಉಡುಪಿಗೆ, ಆರಿ ಕೆಲ್ಲಿ ಎಂಬ ವಿನ್ಯಾಸಕಾರನಿಗೆ. ಆಕೆಯ ಹೆಸರು ನಾಮಕರಣದ ಪಟ್ಟಿಯಲ್ಲೇ ಇರಲಿಲ್ಲ.

ಕೊನೆಯ ದೃಶ್ಯಕ್ಕೆ ಅತ್ತೆಯವರು ನಕ್ಕ ನಗುವನ್ನು ನಾನು ಮರೆಯುವಂತಿಲ್ಲ. ಆಸ್‌ಗುಡ್ ಡಾಫ್ನಿಯನ್ನು ಮದುವೆಯಾಗಲು ದೋಣಿಯಲ್ಲಿ ಕೂರಿಸಿಕೊಂಡು ಹೊರಟಿದ್ದಾನೆ. ಡಾಫ್ನಿ ತಪ್ಪಿಸಿಕೊಳ್ಳಲು ತನ್ನ ಕುಂದುಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾನೆ. ಕೂದಲಿನ ಬಣ್ಣ ನಿಜವಾದದ್ದಲ್ಲ. ಹೊಗೆ ಸೇದುತ್ತೇನೆ. ನಡತೆ ನೆಟ್ಟಗಿಲ್ಲ. ಮಕ್ಕಳಾಗುವುದಿಲ್ಲ. ಮುದುಕ ಒಂದಕ್ಕೂ ಜಗ್ಗುವುದಿಲ್ಲ. ಕಡೆಗೆ ಇವನು ಕೂದಲನ್ನೇ ಕಿತ್ತೆಸೆದು ತಾನು ಗಂಡೆಂದು ಹೇಳುತ್ತಾನೆ. ಅದಕ್ಕೂ ಮುದುಕ, ಕುಂದಿಲ್ಲದವರು ಯಾರಿದ್ದಾರೆ ಎನ್ನುವಂತೆ ನಗುತ್ತಾ ದೋಣಿ ನಡೆಸುತ್ತಾನೆ. ಮಗ ಅರ್ಥ ಹೇಳಿ ಮುಗಿಸುವುದಕ್ಕೆ ಮೊದಲೇ ಅತ್ತೆಯವರಿಗೆ ಕಣ್ಣಲ್ಲಿ ನೀರು. "ನನ್ನನ್ನು ನೋಡಲು ಐದು ಕಡೆಯವರು ಬಂದಿದ್ದರು ಕಣೋ. ಒಬ್ಬರು ಹಲ್ಲು ಅಂದರು, ಒಬ್ಬರು ಬಣ್ಣ ಅಂದರು, ಒಬ್ಬರು ನಡೆಸಿ ನೋಡಿ ಕಾಲು ಕುಂಟು ಅಂದರು. ಇಂಥಾ ಗಂಡು ಒಬ್ಬನಾದರೂ ಬರಬಾರದಿತ್ತೇ!" ಎಂದರು. ಗೋಡೆಯ ಮೇಲೆ ಮಾವನವರ ಪಟ ಗಂಭೀರವಾಗಿ ನೋಡುತ್ತಿತ್ತು.

ಅತ್ತೆಯವರು ಮಲಗಿದರು. ಮಗ ಕಂಪ್ಯೂಟರು ಎತ್ತಿಟ್ಟು, ನನ್ನ ಹತ್ತಿರ ಬಂದು, "ಅಮ್ಮಾ, ಆವತ್ತು ನಾನು ಕೇಳಿದ್ದಕ್ಕೆ ನೀನು ಉತ್ತರ ಹೇಳಲೇ ಇಲ್ಲ" ಎಂದ. ನಮ್ಮವರು "ಯಾವ ಉತ್ತರ?" ಎಂದರು. ಅವರಿಗೆ ಸೀರೆ ಹರಿದದ್ದೂ ಗೊತ್ತಿರಲಿಲ್ಲ. ನಾನು ಕುಳಿತಲ್ಲೇ ಹೇಳಿದೆ. ಮಗನ ಒಪ್ಪಿಗೆ ಕೇಳಿ ಅವನದನ್ನು ಹೇಳಿದೆ, ಆಮೇಲೆ ನನ್ನದನ್ನು, ಆಮೇಲೆ ಆ ಹುಡುಗಿಯದನ್ನು. ಇಪ್ಪತ್ತೆಂಟು ವರ್ಷದ್ದನ್ನು ಹೇಳಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಹೆಸರನ್ನೂ ಹೇಳಿದೆ. ನಮ್ಮವರು ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ಮದುವೆಗೆ ಅವರು ಬಂದು ಅಕ್ಷತೆ ಹಾಕಿದ್ದರು, ಅದು ನೆನಪಿಗೆ ಬಂದಿರಬೇಕು.

"ಎಂಟು ಗಂಟೆಯ ಬಸ್ಸು ಅಂದೆಯಾ?" ಎಂದು ಕೇಳಿದರು.

"ಹೌದು."

"ಮದುವೆಗೆ ಮೊದಲು ನಾನೂ ಅದೇ ಬಸ್ಸಿನಲ್ಲಿ ಬ್ಯಾಂಕಿಗೆ ಹೋಗುತ್ತಿದ್ದೆನಲ್ಲ. ಎರಡು ವರ್ಷ. ಅವರ ಜೊತೆ ಎಷ್ಟೋ ಸಲ ಮಾತಾಡಿದ್ದೇನೆ. ನನಗೆ ಏನೂ ಕಾಣಲಿಲ್ಲವಲ್ಲೇ."

"ನಿಮಗೆ ಸೀಟು ಸಿಗುತ್ತಿತ್ತೇ?" ಎಂದು ಕೇಳಿದೆ.

ಅವರು ಯೋಚಿಸಿದರು. "ಸಿಗುತ್ತಿತ್ತು" ಎಂದರು.

ಒಳಗಿನಿಂದ ಅತ್ತೆಯವರು, "ನಾಳೆಯೂ ಆ ದೊಡ್ಡ ಪಿಟೀಲಿನವಳದ್ದೇ ಹಾಕೋ ಮಾರಾಯ" ಎಂದು ಮೊಮ್ಮಗನಿಗೆ ಕೂಗಿ ಹೇಳಿದರು. ನಾನು ಎದ್ದು ಬಾಗಿಲ ಚಿಲಕ ಹಾಕಲು ಹೋದೆ. ನಮ್ಮವರು ದೀಪ ಆರಿಸದೆ ಅಲ್ಲೇ ಕುಳಿತಿದ್ದರು.